ಕಿಮ್ ಇಲ್ಲದ ಕೊರಿಯಾ: ಒಬ್ಬ ಆಟಗಾರ್ತಿ ಹೊತ್ತಿದ್ದ ತಂಡ ಕುಸಿಯತೊಡಗಿದ್ದು ಯಾವಾಗ?

2025ರ ಏಪ್ರಿಲ್ 8ರ ರಾತ್ರಿ ಇಂಚಿಯಾನ್ ನಗರದ ಸಾಮ್ಸಾನ್ ಒಳಾಂಗಣ ಕ್ರೀಡಾಂಗಣದಲ್ಲಿ ವಾಲಿಬಾಲ್ ತಾರೆ ಕಿಮ್ ಯೋನ್ ಕ್ಯೊಂಗ್ ತಮ್ಮ ಕೊನೆಯ ಪಂದ್ಯ ಆಡಿದರು. ವಯಸ್ಸು 37. ಐದು ಪಂದ್ಯಗಳ ಅಂತಿಮ ಸರಣಿ 2-2ರಲ್ಲಿ ಸಮವಾಗಿತ್ತು, ಐದನೆಯದೂ ಐದು ಸೆಟ್‌ಗಳವರೆಗೆ ಎಳೆಯಿತು. ಕಿಮ್ 34 ಅಂಕ ಗಳಿಸಿ ಹ್ಯೂಂಗ್‌ಕುಕ್ ಲೈಫ್ ತಂಡವನ್ನು ದಕ್ಷಿಣ ಕೊರಿಯಾದ ವಿ-ಲೀಗ್ ಚಾಂಪಿಯನ್ ಮಾಡಿದರು. ಸರಣಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಗೆ ಬಿದ್ದ ಮತಗಳೆಲ್ಲವೂ ಅವರಿಗೇ ಸಂದವು. ಇದಾಗಿ ಮೂರು ತಿಂಗಳಿಗೆ ಅದೇ ದೇಶದ ರಾಷ್ಟ್ರೀಯ ತಂಡ, ಜಗತ್ತಿನ ಪ್ರಮುಖ ತಂಡಗಳ ವಾರ್ಷಿಕ ಕೂಟವಾದ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿ ಹನ್ನೆರಡು ಪಂದ್ಯ ಆಡಿ ಒಂದೇ ಒಂದನ್ನು ಗೆದ್ದು, ಕೊನೆಯ ಸ್ಥಾನ ಪಡೆದು, ಲೀಗ್‌ನಿಂದಲೇ ಹೊರಬಿದ್ದಿತು. ನಾಲ್ಕು ವರ್ಷದ ಹಿಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿದ್ದ ತಂಡವಿದು.

ಕಿಮ್ ಹೋದರು, ತಂಡ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಕಾಲಾನುಕ್ರಮ ನೋಡಿದರೆ ಅದು ಸರಿಯೆಂದೇ ತೋರುತ್ತದೆ. 2021ರ ಆಗಸ್ಟ್‌ನಲ್ಲಿ ಅವರು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. 2022 ಮತ್ತು 2023ರ ನೇಷನ್ಸ್ ಲೀಗ್‌ಗಳಲ್ಲಿ ಕೊರಿಯಾ ಆಡಿದ ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಸೋತಿತು. ಆದರೂ ಈ ವಿವರಣೆಯನ್ನು ನಾನು ಒಪ್ಪಲಾರೆ. ಒಬ್ಬರ ನಿರ್ಗಮನದಿಂದ ಒಂದು ದೇಶದ ಆಟ ಇಷ್ಟು ಬೇಗ ನೆಲಕಚ್ಚುವುದಿಲ್ಲ. ಕಿಮ್ ಅವರ ವೃತ್ತಿಜೀವನವನ್ನು ಹಿಂದಿನಿಂದ ಮುಂದಕ್ಕೆ ಓದಿದರೆ, ಕುಸಿತದ ಬೀಜ ಅವರು ಉತ್ತುಂಗದಲ್ಲಿದ್ದಾಗಲೇ, ಹೆಚ್ಚು ಕಡಿಮೆ 2012ರಲ್ಲೇ ಬಿದ್ದಿತ್ತು ಎನ್ನುವುದು ಗೊತ್ತಾಗುತ್ತದೆ.

ಮೊದಲಿಗೆ, ಅವರು ಎಂಥ ಆಟಗಾರ್ತಿ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಕಿಮ್ ಹುಟ್ಟಿದ್ದು 1988ರ ಫೆಬ್ರುವರಿ 26ರಂದು, ಸೋಲ್ ಸಮೀಪದ ಆನ್ಸಾನ್‌ನಲ್ಲಿ. ಅಕ್ಕ ಆಡುತ್ತಿದ್ದುದನ್ನು ನೋಡಿ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ವಾಲಿಬಾಲ್ ಹಿಡಿದರು. ಈಗ ಅವರ ಎತ್ತರ 192 ಸೆಂಟಿಮೀಟರ್. ಆದರೆ ಮಾಧ್ಯಮಿಕ ಶಾಲೆ ಮುಗಿಯುವವರೆಗೂ 170 ಸೆಂಟಿಮೀಟರ್ ಮುಟ್ಟಿರಲಿಲ್ಲ. ನಮ್ಮ ಊರುಗಳ ಮೈದಾನದಲ್ಲಿ ವಾಲಿಬಾಲ್ ಆಡಿದ ಯಾರಿಗಾದರೂ ಗೊತ್ತು: ಎತ್ತರದವರು ನೆಟ್ ಬಳಿ ನಿಲ್ಲುತ್ತಾರೆ, ಕುಳ್ಳಗಿನವರು ಹಿಂದೆ ನಿಂತು ಚೆಂಡು ಎತ್ತುತ್ತಾರೆ. ಕಿಮ್ ಆ ವರ್ಷಗಳನ್ನೆಲ್ಲ ಹಿಂದಿನ ಸಾಲಿನಲ್ಲೇ ಕಳೆದರು. ಎದುರಾಳಿಯ ಸರ್ವ್ ಎಲ್ಲಿ ಬೀಳುತ್ತದೆಂದು ಮುಂಚಿತವಾಗಿ ಗ್ರಹಿಸುವುದು, ಮುಂಗೈಗಳ ಮೇಲೆ ಚೆಂಡಿನ ವೇಗ ಕೊಂದು ದಾಳಿಗೆ ಚೆಂಡು ಒದಗಿಸುವ ಸೆಟ್ಟರ್ ನಿಂತಲ್ಲಿಗೇ ಕಳಿಸುವುದು, ನೆಲಕ್ಕೆ ಬೀಳುವ ಚೆಂಡಿನ ಕೆಳಗೆ ಕೈ ತೂರಿಸುವುದು, ಇವೆಲ್ಲ ಆಗ ಕಲಿತ ವಿದ್ಯೆ. ಪ್ರೌಢಶಾಲೆಗೆ ಬಂದ ಮೇಲೆ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಬೆಳೆದರು. ದೇಹ ಸ್ಮ್ಯಾಶ್ ಹೊಡೆಯುವವರದ್ದಾಯಿತು, ಕೈಗಳು ಮಾತ್ರ ಲಿಬೆರೊಗಳದ್ದೇ, ಅಂದರೆ ಹಿಂದಿನ ಸಾಲಿನಲ್ಲಿ ರಕ್ಷಣೆಗಷ್ಟೇ ನಿಲ್ಲುವವರದ್ದೇ, ಉಳಿದವು.

ಇದು ವಾಲಿಬಾಲ್‌ನಲ್ಲಿ ಅಪರೂಪ. ಆಧುನಿಕ ಆಟದಲ್ಲಿ 190 ಸೆಂಟಿಮೀಟರ್ ದಾಟಿದ ದಾಳಿಗಾರ್ತಿಯರನ್ನು ಸಾಮಾನ್ಯವಾಗಿ ಬಲಬದಿಗೆ ಹಾಕಿ, ಸರ್ವ್ ಸ್ವೀಕರಿಸುವ ಹೊಣೆಯಿಂದ ಪೂರ್ತಿ ಬಿಡುಗಡೆ ಮಾಡುತ್ತಾರೆ. ಎಡಬದಿಯ ಆಟಗಾರ್ತಿಗೆ ಆ ಸೌಲಭ್ಯವಿಲ್ಲ. ಗಂಟೆಗೆ 80-90 ಕಿಲೋಮೀಟರ್ ವೇಗದಲ್ಲಿ ಬರುವ ಸರ್ವ್ ಅನ್ನು ತಾನೇ ಎತ್ತಿ, ಎರಡು ಸೆಕೆಂಡಿನೊಳಗೆ ಓಡಿಬಂದು ತಾನೇ ಹೊಡೆಯಬೇಕು. ಎದುರಾಳಿಗಳೂ ಬೇಕೆಂದೇ ಅವಳ ಮೇಲೆಯೇ ಸರ್ವ್ ಹಾಕುತ್ತಾರೆ, ದಣಿಯಲೆಂದು. ಈ ಜಾಗದಲ್ಲಿ ನಿಂತು ಎರಡೂ ಕೆಲಸವನ್ನು ವಿಶ್ವದರ್ಜೆಯಲ್ಲಿ ಮಾಡಿದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಕಿಮ್ ಒಬ್ಬರು.

2005ರಲ್ಲಿ ವೃತ್ತಿ ಲೀಗಿನ ಆಯ್ಕೆಯಲ್ಲಿ ಮೊದಲ ಹೆಸರಾಗಿ ಹ್ಯೂಂಗ್‌ಕುಕ್ ಲೈಫ್ ಅವರನ್ನು ಪಡೆಯಿತು. ಅಲ್ಲಿಯವರೆಗೆ ತಳದಲ್ಲಿದ್ದ ತಂಡ ಮೊದಲ ವರ್ಷವೇ ಚಾಂಪಿಯನ್ ಆಯಿತು. ಹದಿನೆಂಟರ ಹುಡುಗಿ ಅದೇ ವರ್ಷ ಉದಯೋನ್ಮುಖ ಆಟಗಾರ್ತಿಯೂ ಹೌದು, ಲೀಗಿನ ಶ್ರೇಷ್ಠ ಆಟಗಾರ್ತಿಯೂ ಹೌದು. ನಾಲ್ಕು ಋತುಗಳಲ್ಲಿ ತಂಡಕ್ಕೆ ಮೂರು ಲೀಗ್ ಪ್ರಶಸ್ತಿ. ಈ ನಡುವೆ ಮೊಣಕಾಲಿಗೆ ಶಸ್ತ್ರಚಿಕಿತ್ಸೆಗಳೂ ಆದವು. 2009ರಲ್ಲಿ ಕ್ಲಬ್ ಅವರನ್ನು ಜಪಾನಿನ ಜೆಟಿ ಮಾರ್ವೆಲಸ್ ತಂಡಕ್ಕೆ ಎರವಲು ಕೊಟ್ಟಿತು. ಅಲ್ಲಿ ಎರಡು ವರ್ಷ. ಎರಡನೆಯ ವರ್ಷ ಜೆಟಿ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. 2011ರಲ್ಲಿ ಟರ್ಕಿಯ ಫೆನೆರ್‌ಬಾಚೆಗೆ, ಅದೂ ಎರವಲಾಗಿಯೇ. ಆಗ ಅಲ್ಲಿ ಕೋಚ್ ಆಗಿದ್ದವರು ಬ್ರೆಜಿಲ್ ಮಹಿಳಾ ತಂಡಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟಿದ್ದ ಜೋಸೆ ರಾಬರ್ಟೊ ಗಿಮರೈಸ್. ಮೊದಲ ಋತುವಿನಲ್ಲೇ ಫೆನೆರ್‌ಬಾಚೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು, ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಕಿಮ್ ಪಾಲಾಯಿತು.

ಆಮೇಲೆ ಬಂದದ್ದು 2012ರ ಲಂಡನ್ ಒಲಿಂಪಿಕ್ಸ್. ಆ ವರ್ಷ ಚಿನ್ನ ಗೆದ್ದ ಬ್ರೆಜಿಲನ್ನು ಕೊರಿಯಾ ಗುಂಪು ಹಂತದಲ್ಲಿ 3-0ಯಿಂದ ಮಣಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯನ್ನು ಸೋಲಿಸಿತು. ಕಂಚಿನ ಪಂದ್ಯದಲ್ಲಿ ಜಪಾನ್‌ಗೆ ಸೋತು ನಾಲ್ಕನೆಯದಾಯಿತು. ಎಂಟು ಪಂದ್ಯಗಳಲ್ಲಿ 207 ಅಂಕ ಗಳಿಸಿದ ಕಿಮ್, ಪದಕವಿಲ್ಲದ ತಂಡದಲ್ಲಿದ್ದೂ ಇಡೀ ಕೂಟದ ಶ್ರೇಷ್ಠ ಆಟಗಾರ್ತಿ ಎನಿಸಿದರು. ತೀರ್ಪುಗಾರರು ಸಾಮಾನ್ಯವಾಗಿ ಚಿನ್ನ ಗೆದ್ದ ತಂಡದಲ್ಲಿ ಹುಡುಕುವ ಪ್ರಶಸ್ತಿಯದು.

ಹೀಗೆ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡು ಊರಿಗೆ ಮರಳಿದವರಿಗೆ, ತಾವು ಮುಂದಿನ ವರ್ಷ ಎಲ್ಲಾದರೂ ಆಡಬಹುದೇ ಎಂಬುದೇ ಖಚಿತವಿರಲಿಲ್ಲ.

ವಿವಾದ ಹೀಗಿತ್ತು. ಹ್ಯೂಂಗ್‌ಕುಕ್ ಲೈಫ್ ಜೊತೆಗಿನ ಒಪ್ಪಂದ 2012ರ ಜೂನ್ 30ಕ್ಕೆ ಮುಗಿದಿತ್ತು. ಒಪ್ಪಂದ ಮುಗಿದ ಮೇಲೆ ನಾನು ಸ್ವತಂತ್ರಳು, ಫೆನೆರ್‌ಬಾಚೆ ಜೊತೆ ನೇರವಾಗಿ ಸಹಿ ಹಾಕುತ್ತೇನೆ ಎಂಬುದು ಕಿಮ್ ನಿಲುವು. ಕ್ಲಬ್ ಕೊರಿಯಾ ಲೀಗಿನ ನಿಯಮ ಮುಂದಿಟ್ಟಿತು: ಆರು ಋತು ಆಡಿದ ಮೇಲಷ್ಟೇ ಆಟಗಾರ್ತಿ ಸ್ವತಂತ್ರಳಾಗುವುದು, ಕಿಮ್ ಆಡಿದ್ದು ನಾಲ್ಕೇ. ಜಪಾನಿನ ಎರಡು, ಟರ್ಕಿಯ ಒಂದು, ಒಟ್ಟು ಮೂರು ಋತು ಲೆಕ್ಕಕ್ಕಿಲ್ಲ. ಕ್ಲಬ್ ತಾನೇ ಸಹಿ ಹಾಕಿ, ತಾನೇ ಕಳಿಸಿಕೊಟ್ಟ ಋತುಗಳವು. ಅವನ್ನು ಸೇರಿಸಿದರೆ ಏಳಾಗುತ್ತದೆ, ಬಿಟ್ಟರೆ ನಾಲ್ಕು. ಒಬ್ಬ ಕ್ರೀಡಾಪಟುವಿನ ಬದುಕಿನ ಅತ್ಯಂತ ಫಲವತ್ತಾದ ಎರಡು ವರ್ಷ ಈ ನಾಲ್ಕು ಮತ್ತು ಏಳರ ನಡುವೆ ಸಿಕ್ಕಿಬಿದ್ದವು.

ಇಲ್ಲಿ ವಾಲಿಬಾಲ್‌ನ ಅಂತರರಾಷ್ಟ್ರೀಯ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಮುಖ್ಯ. ಪರದೇಶದ ಕ್ಲಬ್‌ನಲ್ಲಿ ಆಡಬೇಕಾದರೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬೇಕು. ಇದಕ್ಕೆ ಆಟಗಾರ್ತಿಯ ಮೂಲ ದೇಶದ ಒಕ್ಕೂಟ ಒಪ್ಪಿಗೆ ಕೊಡಬೇಕು. ಎರವಲು ಅವಧಿ ಮುಗಿದರೆ ಮತ್ತೆ ಹೊಸ ಪತ್ರ. ಅಂದರೆ ಫೆನೆರ್‌ಬಾಚೆಗೆ ಆಟಗಾರ್ತಿ ಬೇಕು, ಆಟಗಾರ್ತಿಗೆ ಫೆನೆರ್‌ಬಾಚೆ ಬೇಕು, ಆದರೂ ಸೋಲ್‌ನ ಕಚೇರಿಯೊಂದರಿಂದ ಕಾಗದ ಹೊರಡದಿದ್ದರೆ ಇಸ್ತಾಂಬುಲ್‌ನಲ್ಲಿ ಆಕೆ ಅಂಗಳಕ್ಕಿಳಿಯುವಂತಿಲ್ಲ. ಕ್ಲಬ್ ಕಿಮ್ ಅವರನ್ನು ‘ಸ್ವಯಂ ನಿವೃತ್ತಿ’ ಪಟ್ಟಿಗೆ ಸೇರಿಸಿತು. ಹೆಸರು ಹಾಗಿದ್ದರೂ ಪರಿಣಾಮ ಬೇರೆಯೇ: ಆ ಪಟ್ಟಿಗೆ ಸೇರಿದವರು ಕ್ಲಬ್ಬಿನ ಅನುಮತಿಯಿಲ್ಲದೆ ಸ್ವದೇಶದ ಲೀಗ್‌ನಲ್ಲಿ ಬೇರೆ ಯಾರ ಪರವಾಗಿಯೂ ಆಡಲಾರರು. ವಿಷಯ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಹೋಯಿತು. ಅದು 2012ರ ಅಕ್ಟೋಬರ್‌ನಲ್ಲಿ ಹ್ಯೂಂಗ್‌ಕುಕ್ ಲೈಫ್ ತಂಡವನ್ನೇ ಕಿಮ್ ಅವರ ಮೂಲ ಕ್ಲಬ್ ಎಂದು ಪರಿಗಣಿಸಿತು. ಕೊರಿಯಾದ ಸಂಸತ್ತಿನವರೆಗೂ ಚರ್ಚೆ ಮುಟ್ಟಿದ ಮೇಲೆ ಪತ್ರ ಸಿಕ್ಕಿತು, ಆದರೆ ಮರುವರ್ಷ ಅದೇ ರಗಳೆ ಮತ್ತೆ ಶುರುವಾಯಿತು. 2013ರ ಜುಲೈನಲ್ಲಿ ಕಿಮ್ ಪತ್ರಿಕಾಗೋಷ್ಠಿ ಕರೆದು, ಇದು ಬಗೆಹರಿಯದಿದ್ದರೆ ರಾಷ್ಟ್ರೀಯ ತಂಡವನ್ನೇ ಬಿಡುತ್ತೇನೆ ಎಂದರು. ತೊಡಕು ಪೂರ್ತಿ ಬಿಡಿಸಿಕೊಂಡಿದ್ದು 2014ರಲ್ಲಿ.

ಕ್ಲಬ್ಬಿನ ಪರವಾಗಿಯೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆಗ ಕೊರಿಯಾದ ಮಹಿಳಾ ಲೀಗ್‌ನಲ್ಲಿದ್ದುದು ಆರೇ ತಂಡ. ಹದಿನೆಂಟರ ಹುಡುಗಿಯರ ಮೇಲೆ ಹಣ ಹಾಕಿ, ಚಿಕಿತ್ಸೆ ಕೊಡಿಸಿ, ಬೆಳೆಸಿ, ಅವರು ಮೂರನೇ ವರ್ಷಕ್ಕೇ ಹೊರಟುಹೋದರೆ ಅಂಥ ಸಣ್ಣ ಲೀಗ್ ಬಾಳುವುದಿಲ್ಲ. ಆಟಗಾರರನ್ನು ಕೆಲಕಾಲ ಉಳಿಸಿಕೊಳ್ಳುವ ನಿಯಮ ಬೇಕೇ ಬೇಕು. ಆದರೆ ಹೊರದೇಶದಲ್ಲಿ ಕಲಿತು ಬಂದ ಋತುವನ್ನು ಸೊನ್ನೆ ಎಂದು ಎಣಿಸುವ ನಿಯಮ ಕಿರಿಯರಿಗೆಲ್ಲ ಒಂದೇ ಪಾಠ ಹೇಳುತ್ತದೆ: ಹೊರಗೆ ಹೋದರೆ ನಿಮ್ಮ ಗಡಿಯಾರ ನಿಲ್ಲುತ್ತದೆ. ಒಲಿಂಪಿಕ್ಸ್‌ನ ಶ್ರೇಷ್ಠ ಆಟಗಾರ್ತಿಗೇ ಈ ಗತಿಯಾದರೆ ತಮ್ಮ ಪಾಡೇನು ಎಂದು ಹತ್ತೊಂಬತ್ತರ ಹುಡುಗಿ ಯೋಚಿಸದೆ ಇರುತ್ತಾಳೆಯೇ? 2012ರ ನಿಜವಾದ ಹಾನಿ ಇದು. ಕಿಮ್ ಗಟ್ಟಿಗಿತ್ತಿ, ಜಗಳವಾಡಿ ದಾಟಿದರು. ಅವರ ಹಿಂದೆ ದಾಟಿದವರು ಇಲ್ಲವೆನ್ನುವಷ್ಟು ಕಡಿಮೆ.

ಮುಂದಿನ ವರ್ಷಗಳಲ್ಲಿ ಫೆನೆರ್‌ಬಾಚೆ ಪರ ಎರಡು ಲೀಗ್ ಪ್ರಶಸ್ತಿ, 2017ರಲ್ಲಿ ಶಾಂಘೈ, 2018ರಿಂದ ಎರಡು ವರ್ಷ ಇಸ್ತಾಂಬುಲ್‌ನದೇ ಎಕ್ಜಾಜಿಬಾಶಿ. ಜಗತ್ತಿನ ಅತಿ ಹೆಚ್ಚು ಸಂಭಾವನೆಯ ಮಹಿಳಾ ವಾಲಿಬಾಲ್ ಆಟಗಾರ್ತಿಯರ ಸಾಲಿನಲ್ಲಿ ಅವರ ಹೆಸರು ಸದಾ ಇರುತ್ತಿತ್ತು. ಇತ್ತ ರಾಷ್ಟ್ರೀಯ ತಂಡದ ಪರಿಸ್ಥಿತಿ ಬೇರೆ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಸಂಜೆ ಒಕ್ಕೂಟ ಕೊಟ್ಟ ಸಂಭ್ರಮದ ಊಟ, ಸಾಧಾರಣ ಹೋಟೆಲೊಂದರ ಕಿಮ್ಚಿ ಸಾರು. ಬೇಸರಗೊಂಡ ಕಿಮ್ ತಮ್ಮ ಹಣದಲ್ಲೇ ಗೆಳತಿಯರನ್ನು ಬೇರೆ ಕಡೆ ಊಟಕ್ಕೆ ಕರೆದೊಯ್ದರು. 2016ರ ರಿಯೊ ಒಲಿಂಪಿಕ್ಸ್‌ಗೆ ತಂಡದ ಜೊತೆ ದುಭಾಷಿಯೂ ಇರಲಿಲ್ಲ. ನಾಯಕಿಯಾಗಿದ್ದ ಕಿಮ್ ಅವರೇ ಆ ಕೆಲಸವನ್ನೂ ಮಾಡಿದರು. ಪಂದ್ಯದಲ್ಲಿ ಸರ್ವ್ ಎತ್ತಬೇಕು, ಸ್ಮ್ಯಾಶ್ ಹೊಡೆಯಬೇಕು, ಕಿರಿಯರನ್ನು ಸಂಭಾಳಿಸಬೇಕು, ಪಂದ್ಯ ಮುಗಿದ ಮೇಲೆ ಮಾತನ್ನೂ ಅನುವಾದಿಸಬೇಕು. ಇದನ್ನೆಲ್ಲ ಆಗ ಆಕೆಯ ದೊಡ್ಡತನವೆಂದು ಹೊಗಳಲಾಯಿತು. ಒಕ್ಕೂಟದ ಸಣ್ಣತನವೆಂದು ಕರೆಯಬೇಕಿತ್ತು.

ರಿಯೊದಲ್ಲೇ ಇನ್ನೊಂದು ಘಟನೆ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ತಂಡ ಪಾರ್ಕ್ ಜಂಗ್ ಆ ಎಂಬ 23 ವರ್ಷದ ಆಟಗಾರ್ತಿಯನ್ನೇ ಗುರಿಯಾಗಿಸಿ ಸರ್ವ್ ಹಾಕಿತು. ಆಕೆಗೆ ಚೆಂಡು ಎತ್ತಲಾಗಲಿಲ್ಲ, ಕೊರಿಯಾ 1-3ರಿಂದ ಸೋತಿತು. ಊರಿನಲ್ಲಿ ಜನ ಅಂತರ್ಜಾಲದಲ್ಲಿ ಆಕೆಯನ್ನು ಬಾಯಿಗೆ ಬಂದಂತೆ ಬೈದರು. ಸ್ವದೇಶದ ಲೀಗ್‌ನಲ್ಲಿ ಅಂಥ ಸರ್ವ್ ಆಕೆಗೆ ಎಷ್ಟು ಬಾರಿ ಎದುರಾಗಿತ್ತು, ಅದನ್ನು ಎತ್ತಲು ಯಾರು ಕಲಿಸಿದ್ದರು ಎಂದು ಕೇಳಿದವರು ಕಡಿಮೆ. ಕಿಮ್‌ಗೆ ಸಿಕ್ಕಿದ್ದ ಟರ್ಕಿಯ ಶಾಲೆ ಪಾರ್ಕ್‌ಗೆ ಸಿಕ್ಕಿರಲಿಲ್ಲ.

2020ರಲ್ಲಿ ಕೋವಿಡ್ ಕಾಲದಲ್ಲಿ ಕಿಮ್ ಹ್ಯೂಂಗ್‌ಕುಕ್ ಲೈಫ್‌ಗೆ ಮರಳಿದರು. ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವ ಲೀಗ್ ಅದು. ತಾನು ಹೆಚ್ಚು ತೆಗೆದುಕೊಂಡರೆ ಉಳಿದವರ ಸಂಬಳಕ್ಕೆ ಕತ್ತರಿ ಬೀಳುತ್ತದೆಂದು 35 ಕೋಟಿ ವೋನ್‌ಗೆ ಒಪ್ಪಿದರು. ವಿದೇಶದಲ್ಲಿ ಪಡೆಯುತ್ತಿದ್ದುದರ ಸಣ್ಣ ಪಾಲು ಅದು. ಹಾಗೆ ಉಳಿಸಿಕೊಂಡ ತಾರೆಯರಾದ ಅವಳಿ ಸಹೋದರಿಯರು 2021ರ ಫೆಬ್ರುವರಿಯಲ್ಲಿ, ಶಾಲಾ ದಿನಗಳಲ್ಲಿ ಸಹಪಾಠಿಗಳಿಗೆ ಕಿರುಕುಳ ಕೊಟ್ಟ ಆರೋಪ ಬಯಲಾಗಿ, ಕ್ಲಬ್‌ನಿಂದಲೂ ರಾಷ್ಟ್ರೀಯ ತಂಡದಿಂದಲೂ ಹೊರಬಿದ್ದರು. ಟೋಕಿಯೊಗೆ ಕೆಲವೇ ತಿಂಗಳಿದ್ದಾಗ ತಂಡದ ಮುಖ್ಯ ಸೆಟ್ಟರ್ ಇಲ್ಲ, ಎರಡನೇ ದಾಳಿಗಾರ್ತಿ ಇಲ್ಲ. ಒಲಿಂಪಿಕ್ಸ್‌ಗೆ ಮುಂಚಿನ ನೇಷನ್ಸ್ ಲೀಗ್‌ನಲ್ಲಿ ಕೊರಿಯಾ ಹದಿನಾರು ತಂಡಗಳಲ್ಲಿ ಹದಿನೈದನೆಯದು. ಕುಸಿತ ಆಗಲೇ ಅಂಕಪಟ್ಟಿಯಲ್ಲಿ ಕಾಣುತ್ತಿತ್ತು ಎಂಬುದನ್ನು ಗಮನಿಸಬೇಕು. ಕಿಮ್ ಇದ್ದ ತಂಡವೇ ಅದು.

ಆದರೆ ಟೋಕಿಯೊ ಎಲ್ಲವನ್ನೂ ಮರೆಸಿತು. ಡೊಮಿನಿಕನ್ ರಿಪಬ್ಲಿಕ್ ವಿರುದ್ಧ ನಾಲ್ಕನೇ ಸೆಟ್ ಕೈಜಾರುತ್ತಿದ್ದಾಗ, ವಿರಾಮದಲ್ಲಿ ಕಿಮ್ ಚಪ್ಪಾಳೆ ತಟ್ಟುತ್ತ ‘ಮಾಡೋಣ, ಮಾಡೋಣ, ಆಮೇಲೆ ಪಶ್ಚಾತ್ತಾಪ ಬೇಡ’ ಎಂದು ಮತ್ತೆ ಮತ್ತೆ ಹೇಳಿದ ದೃಶ್ಯ ಕೊರಿಯಾದ ಮನೆಮನೆಗೂ ಮುಟ್ಟಿತು. ಆ ಪಂದ್ಯ 3-2. ಜುಲೈ 31ರಂದು ಜಪಾನ್ ವಿರುದ್ಧ ಐದನೇ ಸೆಟ್‌ನಲ್ಲಿ 12-14. ಜಪಾನ್‌ಗೆ ಒಂದೇ ಅಂಕ ಬೇಕಿತ್ತು. ಕೊರಿಯಾ ಸತತ ನಾಲ್ಕು ಅಂಕ ಕಿತ್ತುಕೊಂಡು 16-14ರಿಂದ ಗೆದ್ದಿತು. ಕಿಮ್ ಅಂದು 30 ಅಂಕ ಗಳಿಸಿದ್ದರು, ಬಲತೊಡೆಯ ಮೇಲೆ ಅಂಟುಪಟ್ಟಿ ಕಿತ್ತ ಜಾಗದಲ್ಲಿ ರಕ್ತನಾಳಗಳು ಒಡೆದು ಕೆಂಪಗಾಗಿತ್ತು. ಕೊನೆಯ ನಿರ್ಣಾಯಕ ಅಂಕಗಳನ್ನು ತಂದವರು ಮಾತ್ರ, ರಿಯೊದಲ್ಲಿ ಬೈಸಿಕೊಂಡಿದ್ದ ಪಾರ್ಕ್ ಜಂಗ್ ಆ. ಅವಕಾಶವೂ ಒಳ್ಳೆಯ ಕೋಚ್ ಕೂಡ ಸಿಕ್ಕಿದರೆ ಈ ಹುಡುಗಿಯರಿಗೆ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಗ ಕೋಚ್ ಆಗಿದ್ದವರು ಇಟಲಿಯ ಸ್ಟೆಫಾನೊ ಲವರಿನಿ. ಅವರು ಮುಂದೆ ಪೋಲೆಂಡ್‌ಗೆ ಹೋಗಿ, ಅಲ್ಲಿನ ಮಹಿಳಾ ತಂಡಕ್ಕೆ 2023ರಿಂದ ಸತತ ಮೂರು ವರ್ಷ ನೇಷನ್ಸ್ ಲೀಗ್ ಕಂಚು ಗೆದ್ದುಕೊಟ್ಟರು.

ಕ್ವಾರ್ಟರ್ ಫೈನಲ್‌ನಲ್ಲಿ ಟರ್ಕಿಯನ್ನು 3-2ರಿಂದ ಸೋಲಿಸಿದಾಗ ನೆಟ್‌ನ ಆಚೆಗಿದ್ದ ನಾಯಕಿ ಎಡಾ ಎರ್ದೆಮ್, ಫೆನೆರ್‌ಬಾಚೆಯಲ್ಲಿ ಕಿಮ್ ಜೊತೆ ವರ್ಷಗಟ್ಟಲೆ ಆಡಿದವರು. ಆ ದಿನಗಳಲ್ಲೇ ಟರ್ಕಿಯ ಕಾಡುಗಳು ಹೊತ್ತಿ ಉರಿಯುತ್ತಿದ್ದವು. ಸೋತ ತಂಡದ ಕಣ್ಣೀರು ಕಂಡ ಕೊರಿಯಾದ ಅಭಿಮಾನಿಗಳು ಕಿಮ್ ಹೆಸರಿನಲ್ಲಿ ಟರ್ಕಿಗೆ ಸಸಿಗಳನ್ನು ದಾನ ಮಾಡಿದರು. ಹೊರಗೆ ಹೋದ ಒಬ್ಬ ಆಟಗಾರ್ತಿ ಎರಡು ದೇಶಗಳ ನಡುವೆ ಏನನ್ನು ಕಟ್ಟಬಲ್ಲಳು ಎಂದು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ಗೆ, ಕಂಚಿನ ಪಂದ್ಯದಲ್ಲಿ ಸರ್ಬಿಯಾಗೆ ಕೊರಿಯಾ ಸೋತಿತು. ಕಿಮ್ ಜೊತೆ ಯಾಂಗ್ ಹ್ಯೊ ಜಿನ್, ಕಿಮ್ ಸು ಜಿ ಕೂಡ ರಾಷ್ಟ್ರೀಯ ತಂಡ ಬಿಟ್ಟರು. ಮುಂದಿನದು ಗೊತ್ತೇ ಇದೆ. 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲೂ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೂ ವಿಯೆಟ್ನಾಂಗೆ ಸೋಲು. ಏಷ್ಯನ್ ಗೇಮ್ಸ್‌ನಿಂದ ಬರಿಗೈ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆಯಿಲ್ಲ. 2024ರ ಮೇ ತಿಂಗಳಲ್ಲಿ ಥಾಯ್ಲೆಂಡ್ ವಿರುದ್ಧ ಗೆದ್ದಾಗ ಮುರಿದದ್ದು ನೇಷನ್ಸ್ ಲೀಗ್‌ನಲ್ಲಿ ಸತತ ಮೂವತ್ತು ಸೋಲುಗಳ ಸರಪಳಿ.

ಎತ್ತರ ಸಾಲದು ಎಂಬ ಸಬೂಬು ಇಲ್ಲಿ ನಿಲ್ಲುವುದಿಲ್ಲ. ಜಪಾನಿನ ಹುಡುಗಿಯರು ಎತ್ತರದಲ್ಲಿ ಕೊರಿಯಾದವರಿಗಿಂತ ಮುಂದಿಲ್ಲ, ಆದರೂ 2024ರ ನೇಷನ್ಸ್ ಲೀಗ್‌ನಲ್ಲಿ ಬೆಳ್ಳಿ ಗೆದ್ದರು. ಅಲ್ಲಿ ಸಾವಿರಾರು ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳ ತಂಡಗಳಿವೆ, 2025ರಲ್ಲಿ ನಾಯಕಿಯಾದ ಇಶಿಕಾವಾ ಮಾಯು ಅಂಥವರು ಇಪ್ಪತ್ತರ ಆಸುಪಾಸಿನಲ್ಲೇ ಇಟಲಿಯ ಲೀಗ್‌ಗೆ ಹೋಗಿ ಪಳಗಿದ್ದಾರೆ. ಕೊರಿಯಾದಲ್ಲಿ ಎರಡೂ ಇಲ್ಲ. ಪ್ರತಿ ಕ್ಲಬ್‌ಗೂ ಒಬ್ಬ ವಿದೇಶಿ ದಾಳಿಗಾರ್ತಿ ಇರುತ್ತಾಳೆ. ಗೆಲ್ಲಲೇಬೇಕಾದ ಒತ್ತಡದಲ್ಲಿ ಕಷ್ಟದ ಚೆಂಡುಗಳೆಲ್ಲ ಅವಳ ಕಡೆಗೇ ಹೋಗುತ್ತವೆ. 2023ರಿಂದ ಏಷ್ಯಾದ ಇನ್ನೊಬ್ಬ ಆಟಗಾರ್ತಿಗೂ ಜಾಗವಿದೆ. ಆ ದಾರಿಯಲ್ಲಿ ಬಂದ ಇಂಡೊನೇಷ್ಯಾದ ಮೆಗಾವತಿ ಹಂಗೆಸ್ತ್ರಿ, ಕಿಮ್ ಆಡಿದ ಕೊನೆಯ ಫೈನಲ್‌ನಲ್ಲಿ ಎದುರಾಳಿ ತಂಡದ ದೊಡ್ಡ ತಾರೆ. ಪರದೇಶಕ್ಕೆ ಬಂದು ಅರಳಿದ ಆಕೆಯ ಕಥೆ, ಒಂದು ರೀತಿಯಲ್ಲಿ ಕಿಮ್ ಕಥೆಯೇ. ಕೊರಿಯಾ ಮಾತ್ರ ತನ್ನ ಹುಡುಗಿಯರನ್ನು ಹಾಗೆ ಕಳಿಸುತ್ತಿಲ್ಲ.

ಹಣದ ಲೆಕ್ಕವೂ ಅವರನ್ನು ಮನೆಯಲ್ಲೇ ಹಿಡಿದಿಡುತ್ತದೆ. ಟೋಕಿಯೊದ ನಂತರ ಲೀಗಿನ ಜನಪ್ರಿಯತೆ ಏರಿತು, ಏಳನೇ ತಂಡ ಬಂತು, ಸಂಬಳ ಏರಿತು. 2024ರಲ್ಲಿ ದಾಳಿಗಾರ್ತಿ ಕಾಂಗ್ ಸೊ ಹ್ವಿ ವರ್ಷಕ್ಕೆ 80 ಕೋಟಿ ವೋನ್‌ನಂತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡರು. ಅವರನ್ನು ದೂರುವುದು ತಪ್ಪು. ಯಾವ ವೃತ್ತಿಯಲ್ಲಾದರೂ ಹೆಚ್ಚು ಕೊಡುವ ಕಡೆ ಜನ ಹೋಗುತ್ತಾರೆ. ಮನೆಯಲ್ಲಿ ಇಷ್ಟು ಸಿಗುವಾಗ, ಇಟಲಿಯ ಸಾಧಾರಣ ಕ್ಲಬ್‌ನಲ್ಲಿ ಅದಕ್ಕಿಂತ ತೀರ ಕಡಿಮೆಗೆ ಮೀಸಲು ಆಟಗಾರ್ತಿಯಾಗಿ ಕೂರಲು ಯಾರು ಹೋಗುತ್ತಾರೆ? ಕಿಮ್ ಸೃಷ್ಟಿಸಿದ ಮಾರುಕಟ್ಟೆಯೇ ಇನ್ನೊಬ್ಬ ಕಿಮ್ ಹುಟ್ಟದಂತೆ ತಡೆಯುತ್ತಿದೆ.

ನಿವೃತ್ತಿಯ ನಂತರ ಕಿಮ್ ಹಿಡಿದ ಕೆಲಸ ನೋಡಿದರೆ ಅವರಿಗೂ ಇದು ಗೊತ್ತಿದೆ ಎನಿಸುತ್ತದೆ. 2025ರಲ್ಲಿ ದೂರದರ್ಶನ ಕಾರ್ಯಕ್ರಮವೊಂದಕ್ಕಾಗಿ ಅವರು, ವೃತ್ತಿ ಕ್ಲಬ್‌ಗಳು ಕೈಬಿಟ್ಟ ಮತ್ತು ಆಯ್ಕೆಯಾಗದೆ ಉಳಿದ ಆಟಗಾರ್ತಿಯರ ತಂಡ ಕಟ್ಟಿ ಕೋಚ್ ಆಗಿ ನಿಂತರು. ಅಲ್ಲಿಂದ ಮತ್ತೆ ವೃತ್ತಿ ಲೀಗಿಗೆ ಮರಳಿದವರಿದ್ದಾರೆ. ಕಾರ್ಯಕ್ರಮ ಮನರಂಜನೆಗಾಗಿ ಇರಬಹುದು, ಆದರೆ ಅಷ್ಟು ಮಂದಿ ಸಮರ್ಥರು ಏಳು ತಂಡಗಳ ಲೀಗಿನ ಹೊರಗೆ ಬಿದ್ದಿದ್ದರು ಎಂಬುದಂತೂ ನಿಜ.

ನೇಷನ್ಸ್ ಲೀಗ್‌ನಿಂದ ಹೊರಬಿದ್ದದ್ದರ ಬೆಲೆ ಈಗ ತೆರಬೇಕಾಗುತ್ತದೆ. ವರ್ಷಕ್ಕೆ ಹನ್ನೆರಡು ಬಾರಿ ಬ್ರೆಜಿಲ್, ಇಟಲಿ, ಟರ್ಕಿಯಂಥವರ ಎದುರು ನಿಲ್ಲುವ ಅವಕಾಶ ಹೋಯಿತು. ವಿಶ್ವ ರ‍್ಯಾಂಕಿಂಗ್ ಅಂಕ ಗಳಿಸುವ ದೊಡ್ಡ ಅಂಗಳ ಅದು. ರ‍್ಯಾಂಕಿಂಗ್ ಬೀಳುತ್ತಿದ್ದಂತೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ದಾರಿಯೂ ಕಿರಿದಾಗುತ್ತದೆ. ರಾಷ್ಟ್ರೀಯ ತಂಡದ ಮೂಲಕ ಸಿಗುತ್ತಿದ್ದ ವಿದೇಶಿ ಅನುಭವವೂ ಇನ್ನು ಸಿಗದಿದ್ದರೆ, ಹುಡುಗಿಯರನ್ನು ವಿದೇಶಿ ಕ್ಲಬ್‌ಗಳಿಗೆ ಕಳಿಸುವುದೊಂದೇ ಉಳಿಯುವುದು. ಅದಕ್ಕೆ ಕೊರಿಯಾದ ಲೀಗ್ ಮಾಡಬೇಕಾದ ಮೊದಲ ಕೆಲಸ ದೊಡ್ಡದೇನೂ ಅಲ್ಲ, ಒಂದು ರೂಪಾಯಿಯ ಖರ್ಚೂ ಇಲ್ಲ: ಕ್ಲಬ್ಬಿನ ಒಪ್ಪಿಗೆಯಿಂದ ಹೊರದೇಶದಲ್ಲಿ ಆಡಿದ ಋತುವನ್ನೂ ಸ್ವತಂತ್ರ ಆಟಗಾರ್ತಿಯ ಅರ್ಹತೆಗೆ ಒಂದು ಪೂರ್ಣ ಋತು ಎಂದು ಎಣಿಸಬೇಕು. 2012ರಲ್ಲಿ ಇಪ್ಪತ್ನಾಲ್ಕರ ಕಿಮ್ ಕೇಳಿದ್ದೂ ಇಷ್ಟನ್ನೇ.